ಸಕ್ಕರೆ ಹೂವಿನ ಅತ್ತಿಗೆ

ಸಕ್ಕರೆಯಲ್ಲಿ ಹೂ ಮಾಡುವವರ ಮನೆಯಲ್ಲಿ ಎರಡು ಸಂಗತಿ ನಿಷಿದ್ಧ: ಫ್ಯಾನು ಮತ್ತು ಹಸಿವು. ಫ್ಯಾನು ತಿರುಗಿದರೆ ತೆಳ್ಳಗೆ ಲಟ್ಟಿಸಿದ ಗಮ್ ಪೇಸ್ಟ್ ಎಂಬ ಸಕ್ಕರೆ ಕಣಕ ನಿಮಿಷಗಳಲ್ಲಿ ಒಣಗಿ ಬಿರುಕು ಬಿಡುತ್ತದೆ. ಹಸಿದು ಬಂದರೆ ಊಟದ ಮೇಜಿನ ಮೇಲೆ ಸ್ಪಂಜಿನ ಹಾಸು, ಗುಂಡುತಲೆಯ ಕಡ್ಡಿ, 26ನೇ ಗೇಜಿನ ತಂತಿ. ಮನೆಯ ಚಮಚಗಳೆಲ್ಲ ಒಂದೊಂದು ದಳವನ್ನು ಮಡಿಲಲ್ಲಿಟ್ಟುಕೊಂಡು ಮಲಗಿರುತ್ತವೆ. ದಳ ಬಟ್ಟಲಿನಂತೆ ಬಾಗಿ ಒಣಗಬೇಕಲ್ಲ! ನಮ್ಮ ಮನೆಯವರು ಉಪ್ಪಿಟ್ಟನ್ನು ಕೈಯಲ್ಲಿ ತಿನ್ನಲು ಕಲಿತದ್ದು ಹೀಗೆ.

ಇಂಥವರ ಉಗುರಿನ ಸಂದಿಯಲ್ಲಿ ಸದಾ ಬಣ್ಣದ ಪುಡಿ. ಮೋಡ ಕವಿದರೆ ಒಣಹಾಕಿದ ಬಟ್ಟೆ ನೆನಪಾಗದು, ಡಬ್ಬಿಯೊಳಗಿನ ಹೂ ತೇವಕ್ಕೆ ತಲೆಬಾಗಿತೇನೋ ಎಂದು ಜೀವ ಹಾರುತ್ತದೆ. ಫ್ರಿಜ್ಜಿನಲ್ಲಿಡಿ ಎಂದವರು ಅವರ ಪಾಲಿಗೆ ಸತ್ತಂತೆ. ಹೊರತೆಗೆದೊಡನೆ ಹೂ ಬೆವರುತ್ತದಂತೆ. ನಾನು ಎಂ.ಎ. ಓದಿದವನು. ಈ ಮನೆಯಲ್ಲಿ ನನ್ನ ಹುದ್ದೆ ಮಾತ್ರ ತಂತಿಗೆ ಸುತ್ತುವ ಹಸಿರು ಟೇಪು ಎಳೆದುಕೊಡುವುದು. ಎಳೆದರೇ ಅದರ ಅಂಟು ಬಿಡುವುದು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅತ್ತಿಗೆಯ ಶವಪರೀಕ್ಷೆ. ಕಣ್ಣಿಗೆ ಬಿದ್ದ ನಿಜವಾದ ಹೂವನ್ನು ಬಿಚ್ಚದೆ ಬಿಡುವವರಲ್ಲ. ಪಕ್ಕದ ಮನೆಯ ದಾಸವಾಳ ನಮ್ಮ ಗೇಟಿನ ಕಡೆ ಬಾಗುವುದನ್ನೇ ನಿಲ್ಲಿಸಿದೆ. ಅಣ್ಣನ ಮಗಳ ಮದುವೆಯ ವಿಷಯದಲ್ಲಿ ಪ್ರಸಾದ ಕೇಳಲು ದೇವಸ್ಥಾನಕ್ಕೆ ಹೋಗಿದ್ದೆವು. ಅರ್ಧ ಗಂಟೆ ಉಸಿರು ಬಿಗಿಹಿಡಿದು ನಿಂತ ಮೇಲೆ ದೇವರ ಬಲಗಡೆಯಿಂದ ಗುಲಾಬಿಯೊಂದು ಜಾರಿತು. ‘ಶುಭವಾಯಿತು’ ಎಂದು ಅರ್ಚಕರು ಅದನ್ನು ಅತ್ತಿಗೆಯ ಕೈಗಿಟ್ಟರು. ಅತ್ತಿಗೆ ಕಣ್ಣಿಗೊತ್ತಿಕೊಂಡರು. ಆಮೇಲೆ ದೀಪದ ಬೆಳಕಿಗೆ ಹಿಡಿದು ಸುಲಿಯತೊಡಗಿದರು.

‘ಏನ ಮಾಡ್ಲಿಕತ್ತೀಯವಾ? ದೇವರ ಪ್ರಸಾದ ಅದು!’ ಎಂದರು ಧಾರವಾಡದ ನಮ್ಮಮ್ಮ.

‘ಒಂದ್ನಿಮಿಷ ಅತ್ತೆ. ಮೂರನೇ ಸುತ್ತಿಗೆ ಐದು ದಳ ಇದೆ. ನಾನು ನಾಲ್ಕೇ ಹಾಕ್ತಿದ್ದೆ.’

ಕಂಗಾಲಾದ ಅರ್ಚಕರು, ‘ಇನ್ನೊಂದು ಹೂ ಕೊಡಲೇನಮ್ಮಾ?’ ಎಂದರು.

‘ತಾವರೆ ಇದ್ರೆ ಕೊಡಿ.’

ಮದುವೆಯೇನೋ ಸುಸೂತ್ರವಾಗಿ ನಡೆಯಿತು. ದೇವರಿಗೂ ದಳದ ಲೆಕ್ಕದ ಕುತೂಹಲವಿದ್ದಿರಬೇಕು.

ಆದರೆ ಅಮ್ಮನ 80ನೇ ಹುಟ್ಟುಹಬ್ಬಕ್ಕೆ ಅತ್ತಿಗೆ ಮಾಡಿದ ಕೆಂಡಸಂಪಿಗೆ ನೋಡಿ ನಾನು ಮೂಸಿದೆ. ಮೂಸಿದ್ದು ಯಾರಿಗೂ ಕಾಣಲಿಲ್ಲ ಎಂದುಕೊಂಡಿದ್ದೇನೆ. ಕೇಕು ಕತ್ತರಿಸುವ ಮುನ್ನ ಹೂಗಳನ್ನೆಲ್ಲ ಚಿಮಟದಿಂದ ಎತ್ತಿಟ್ಟರು; ಒಳಗೆ ತಂತಿಯಿರುತ್ತದೆ. ಅಷ್ಟರಲ್ಲಿ ಅಮ್ಮ ಒಂದು ದಳ ಮುರಿದು ಬಾಯಿಗೆ ಹಾಕಿಕೊಂಡಾಗಿತ್ತು. ಎರಡು ದಿನದ ಕೆಲಸ ಕಟುಮ್ಮೆಂದಿತು. ನಾವೆಲ್ಲ ಅತ್ತಿಗೆಯ ಮುಖ ನೋಡಿದೆವು.

‘ನಮ್ಮವ್ವ ಸಂಕ್ರಾಂತಿಗೆ ಕುಸುರೆಳ್ಳು ಮಾಡ್ತಿದ್ದಳು,’ ಎಂದರು ಅಮ್ಮ, ಅಗಿಯುತ್ತಲೇ. ಸಣ್ಣ ಕೆಂಡದ ಮೇಲೆ ಪರಾತ, ಎಳ್ಳಿಗೆ ಹನಿಹನಿಯಾಗಿ ಪಾಕ, ಬೆರಳ ತುದಿಯಿಂದ ಆಡಿಸುತ್ತ ಕೂತರೆ ತಾಸುಗಟ್ಟಲೆ ಕಳೆದ ಮೇಲೆ ಕಾಳುಕಾಳಿಗೂ ಬಿಳಿ ಮುಳ್ಳು. ಬೆರಳು ಸುಟ್ಟುಕೊಂಡು ಮಾಡಿದ್ದನ್ನು ಸಂಜೆಯೊಳಗೆ ಓಣಿಯ ಹುಡುಗರು ತಿಂದು ಮುಗಿಸುತ್ತಿದ್ದರಂತೆ. ಅಜ್ಜಿಯ ಕೈ ನನಗೂ ನೆನಪಿದೆ, ಮುಖ ಮಸುಕಾಗಿದೆ.

ಅತ್ತಿಗೆ ಚಿಮಟ ಕೆಳಗಿಟ್ಟು ಅಮ್ಮನ ಪಕ್ಕ ಕುರ್ಚಿ ಎಳೆದುಕೊಂಡರು.

‘ಒಂದು ಕಾಳಿಗೆ ಎಷ್ಟು ಮುಳ್ಳು ಬರುತ್ತೆ ಅತ್ತೆ?’