ಬಿ ಸೈಡಿನ ಬಸವಣ್ಣ

ಕನ್ನಡದಲ್ಲಿ ಆಯ್ಕೆದಾರರ ಕೈಗೆ ಸಿಕ್ಕು ಮೊದಲು ಕೆಟ್ಟವನು ಬಾದಾಮಿಯ ಕಪ್ಪೆ ಅರಭಟ್ಟ. ಅಲ್ಲಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕೆತ್ತಿದ ಅವನ ಶಾಸನದಲ್ಲಿ ನಮ್ಮ ಅತಿ ಹಳೆಯ ತ್ರಿಪದಿಗಳಿವೆ. ಹಾಗಾಗಿ ಯಾವ ಕಾವ್ಯಸಂಚಯ ತೆರೆದರೂ ಬಾಗಿಲಲ್ಲೇ ಆತ ಕೈಮುಗಿದು ನಿಂತಿರುತ್ತಾನೆ: ಒಳ್ಳೆಯವರಿಗೆ ಒಳ್ಳೆಯವ, ಸಿಹಿಯಾದವರಿಗೆ ಸಿಹಿ. ಭಾಷಣಕಾರರೂ ಅಷ್ಟನ್ನೇ ಹರಿದುಕೊಂಡು ಹೋಗುತ್ತಾರೆ. ಅದರ ಬೆನ್ನಿಗೇ ಆತ ತಂಟೆಗೆ ಬಂದವರ ಪಾಲಿಗೆ ವಿಪರೀತದ ಮನುಷ್ಯನಾಗುತ್ತಾನೆ, ಕೊನೆಯ ತ್ರಿಪದಿಯಲ್ಲಂತೂ ಕಟ್ಟು ಬಿಚ್ಚಿದ ಸಿಂಹದ ಮಾತೇ ಬರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಸಿಂಹವನ್ನು ಬಿಟ್ಟು ಸಕ್ಕರೆಯನ್ನಷ್ಟೇ ಹಂಚುವ ಈ ಪದ್ಧತಿ ಬಾದಾಮಿಯಿಂದ ಹುನಗುಂದದ ಕಡೆಗೆ ಹೊರಳಿದಾಗ ಇನ್ನೂ ಜೋರಾಗುತ್ತದೆ. ಯಾಕೆಂದರೆ ಹುನಗುಂದ ಸೀಮೆಯಲ್ಲಿ ಕೂಡಲಸಂಗಮವಿದೆ, ಕೂಡಲಸಂಗಮದ ದೇವರ ಹೆಸರು ಬಸವಣ್ಣನ ಅಂಕಿತದಲ್ಲಿದೆ, ಬಸವಣ್ಣನ ಹೆಸರಿನಲ್ಲಿ ‘ಆಯ್ದ ವಚನಗಳು’ ಎಂಬ ಹಾಡಿನ ಆಲ್ಬಮ್ಮುಗಳಿವೆ.

ಹೊಸಬರಿಗೆ ವಚನ ಪರಿಚಯಿಸಲೆಂದೇ ಹುಟ್ಟಿದ ಇಂಥ ಆಲ್ಬಮ್ಮುಗಳ ಪಟ್ಟಿಯನ್ನು ಕೇಳದೆಯೇ ಊಹಿಸಬಹುದು. ಏಳು ಬೇಡಗಳ ವಚನ ಇದ್ದೇ ಇರುತ್ತದೆ. ದಯೆಯದು, ಕಲ್ಲುನಾಗರದ್ದು, ದೇಹವನ್ನೇ ದೇಗುಲ ಮಾಡಿದ್ದು ಕೂಡ. ಒಂದೊಂದೂ ಅಪ್ಪಟ ಚಿನ್ನ, ಅದರಲ್ಲಿ ತಕರಾರಿಲ್ಲ. ಆದರೆ ಸಾಲಾಗಿ ಕೇಳಿದವನಿಗೆ ಬಸವಣ್ಣನೆಂದರೆ ಶಾಲೆಯ ಗೋಡೆಗೆ ಸುವಾಕ್ಯ ಬರೆಸುವ ಹೆಡ್‌ಮಾಸ್ತರರೆಂಬ ಭಾವನೆ ಬಂದರೆ ತಪ್ಪು ಕೇಳಿದವನದಲ್ಲ. ಹಾಡಿಕೆಯೂ ಇದಕ್ಕೆ ಕೈಜೋಡಿಸುತ್ತದೆ. ಕಲ್ಲಿನ ನಾಗರಕ್ಕೆ ಹಾಲೆರೆದು ನಿಜವಾದ ನಾಗರಕ್ಕೆ ಬಡಿಗೆ ಎತ್ತುವವರನ್ನು ಗೇಲಿ ಮಾಡುವ ವಚನವನ್ನೂ ಕಣ್ಣೀರಿನ ರಾಗದಲ್ಲಿ, ಹಿಂದೆ ಕೊಳಲಿಟ್ಟು ಹಾಡಿದರೆ, ಹಾವಿಗೇ ಸಂತಾಪ ಸೂಚಿಸಿದಂತಾಗುತ್ತದೆ. ಇನ್ನು ಏಳು ಬೇಡಗಳಲ್ಲಿ ತನ್ನನ್ನು ಹೊಗಳಿಕೊಳ್ಳಬಾರದು, ಎದುರಿನವರನ್ನು ಹಳಿಯಬಾರದು ಎಂಬ ಎರಡೂ ಸೇರಿವೆ. ಚುನಾವಣೆಯ ಸಭೆ ಶುರುವಾಗುವ ಮುಂಚೆ ಅದನ್ನು ಹಾಕುವ ಮೈಕಿನವನ ಧೈರ್ಯ ದೊಡ್ಡದು.

ಒಂದೇ ಮುಖ ತೋರಿಸುವ ಆಯ್ಕೆಯ ಈ ತಾಪತ್ರಯಕ್ಕೆ ಮ್ಯಾಂಚೆಸ್ಟರ್‌ನ ಪಂಕ್ ಹುಡುಗರ ತಂಡವೊಂದು ಸರಳ ದಾರಿ ಕಂಡುಕೊಂಡಿತ್ತು. ಬಜ್‌ಕಾಕ್ಸ್ ಎಂಬ ಆ ತಂಡದ ಬಿಡಿ ಹಾಡುಗಳನ್ನು ಒಟ್ಟುಮಾಡಿ 1979ರಲ್ಲಿ ಅಮೆರಿಕದ ಕೇಳುಗರಿಗೆಂದು ‘ಸಿಂಗಲ್ಸ್ ಗೋಯಿಂಗ್ ಸ್ಟೆಡಿ’ ಎಂಬ ರೆಕಾರ್ಡು ತಂದರು. ಒಂದು ಮಗ್ಗುಲಿಗೆ ಎಂಟು ಎ ಸೈಡುಗಳು, ಅಂದರೆ ಬಿಡಿ ತಟ್ಟೆಗಳ ಮುಖ್ಯ ಹಾಡುಗಳು; ಇನ್ನೊಂದು ಮಗ್ಗುಲಿಗೆ ಅವುಗಳದೇ ಬೆನ್ನಿಗಿದ್ದ ಎಂಟು ಬಿ ಸೈಡುಗಳು. ತಟ್ಟೆ ಮಗುಚಿದರೆ ಅದೇ ಹುಡುಗರ ಇನ್ನೊಂದು ಮುಖ. ಬಸವಣ್ಣನಿಗೂ ಇದನ್ನೇ ಮಾಡಬೇಕೆಂಬುದು ನನ್ನ ಹಟ. ಏಳು ಬೇಡಗಳಿಗೆ ಜೋಡಿಯಾಗಿ, ತನ್ನ ಮನಸ್ಸು ಟೊಂಗೆಯಿಂದ ಟೊಂಗೆಗೆ ನೆಗೆಯುವ ಮಂಗನೆಂದು ಆತ ಗೋಳಿಡುವ ವಚನವಿರಲಿ: ಬೇಡ ಎಂದು ಎಣಿಸಿ ಹೇಳಿದಾತನಿಗೆ ಸ್ವಂತ ಮನಸ್ಸೇ ಮಾತು ಕೇಳುತ್ತಿರಲಿಲ್ಲ ಎಂದು ಗೊತ್ತಾದ ಮೇಲೆ ಆ ಬೇಡಗಳ ತೂಕವೇ ಬೇರೆ. ದಯೆಯ ವಚನದ ಜೋಡಿಗೆ, ಬಲಿಗೆಂದು ತಂದ ಕುರಿ ಅದೇ ಹಬ್ಬದ ತೋರಣದ ಎಲೆ ಮೇಯುತ್ತ ನಿಂತ ವಚನ. ಇಷ್ಟು ಕಪ್ಪು ವಿನೋದ ಯಾವ ಪಂಕ್ ತಂಡಕ್ಕೂ ದಕ್ಕಿಲ್ಲ. ಹೀಗೆ ಜೋಡಿಸುವುದನ್ನು ಇಳಕಲ್ ಸೀರೆಯಿಂದ ಕಲಿಯಬೇಕು: ಅದರಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಸಂಕಲನಕಾರನ ಕೆಲಸ ಆ ಕೊಂಡಿಯದು. ಬರೀ ಸೆರಗುಗಳನ್ನು ಒಟ್ಟಿ ಸೀರೆ ಎಂದು ಮಾರಿದರೆ ಇಳಕಲ್ಲಿನ ಪೇಟೆಯಲ್ಲಿ ಯಾರೂ ಕೊಳ್ಳಲಾರರು.

ಹೊಸಬರಿಗೆ ಸಮಯವೆಲ್ಲಿ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಬಂದ ಸಮಗ್ರ ವಚನ ಸಂಪುಟಗಳು ಹದಿನೈದು. ಅವನ್ನು ತಲೆಯ ಮೇಲೆ ಹೇರಿದರೆ ಹೊಸಬ ಹೊಸಬನಾಗಿಯೇ ಓಡಿಹೋಗುತ್ತಾನೆ. ಆಯ್ಕೆ ಬೇಡವೆಂದು ನಾನು ಹೇಳುತ್ತಿಲ್ಲ. ಬಾಗಲಕೋಟೆಯಲ್ಲಿ ಹತ್ತಿದ ಬಸ್ಸು ಹುನಗುಂದ ಮುಟ್ಟುವುದರೊಳಗೆ ಮುಗಿಯುವಷ್ಟೇ ಇರಲಿ, ಆದರೆ ಅದರೊಳಗೆ ಜಗಳವಿರಲಿ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ‘ಶೂನ್ಯಸಂಪಾದನೆ’ಯಲ್ಲಿ ಬೇರೆಬೇರೆ ಶರಣರ ವಚನಗಳನ್ನು ಎದುರುಬದುರು ಕೂಡಿಸಿ ಮಾತಿಗೆ ಹಚ್ಚಿದ. ಅದರಲ್ಲಿ ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಅಲ್ಲಮನ ಸಮಾಧಾನವನ್ನು ಸುಮ್ಮನೆ ಒಪ್ಪಿಕೊಳ್ಳದೆ ಮರುಮಾತು ಹೂಡುತ್ತಾಳೆ. ಅದೂ ಆಯ್ದ ವಚನಗಳೇ. ಆದರೆ ಅಲ್ಲಿ ಯಾರೂ ಸುವಾಕ್ಯವಾಗಿ ಗೋಡೆ ಹತ್ತುವುದಿಲ್ಲ.

ಉಳಿದದ್ದು ಅಲ್ಲಮನ ಪ್ರಶ್ನೆ. ಒಗಟಿನಂಥ ಅವನ ಬೆಡಗಿನ ವಚನ ಒಂದಾದರೂ ಪಟ್ಟಿಯಲ್ಲಿರಲಿ ಎಂದರೆ, ಅರ್ಥವಾಗದೆ ಹೊಸಬ ಹೆದರಿಕೊಳ್ಳುತ್ತಾನೆ ಎಂದು ಬಲ್ಲವರು ತಡೆಯುತ್ತಾರೆ. ಹೆದರುವ ಕಾರಣವೇನೂ ಕಾಣೆ. ಬೆಡಗಿನ ಮುಂದೆ ಹಳಬರೂ ಹೊಸಬರೇ, ಅದರ ಮೇಲೆ ಪಿಎಚ್‌.ಡಿ. ಮಾಡಿದವರೂ ಒಬ್ಬರ ಅರ್ಥವನ್ನು ಇನ್ನೊಬ್ಬರು ಒಪ್ಪಿದ್ದಿಲ್ಲ. ಆ ಸಾಲಿನಲ್ಲಿ ಹೊಸಬನಿಗೂ ಒಂದು ಕುರ್ಚಿ ಹಾಕಿದರಾಯಿತು.