ತಲೆಯ ಮೇಲಿನ ಕಪಾಟು

ಕುಣಿಗಲ್ ಬಸ್ಸಿನಲ್ಲಿ ನಿಂತವರನ್ನು ನೋಡಿ: ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಪರ್ಸಿನ ಮೇಲೆ. ಗುಬ್ಬಿಯಲ್ಲಿ ರೈಲು ಹತ್ತುವ ಅಜ್ಜಿ ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿ, ಚೀಲವನ್ನು ಮಡಿಲಲ್ಲಿಟ್ಟೇ ಕೂರುತ್ತಾಳೆ. ಅದೇ ತುಮಕೂರು ಜಿಲ್ಲೆಯವರು ಮಗಳ ಬಾಣಂತನಕ್ಕೆಂದು ದೇವನಹಳ್ಳಿಯಲ್ಲಿ ವಿಮಾನ ಹತ್ತಿದರೋ, ಒಡವೆಯ ಚೀಲವನ್ನು ತಲೆಯ ಮೇಲಿನ ಕಪಾಟಿಗೆ ತುರುಕಿ, ಬೆಲ್ಟು ಬಿಗಿದು ಗೊರಕೆಗಿಳಿಯುತ್ತಾರೆ. ಟಿಕೆಟ್ ದುಬಾರಿಯಾದಷ್ಟೂ ಪಕ್ಕದವರು ಸಭ್ಯರು ಎಂಬುದು ನಮ್ಮ ಲೆಕ್ಕ. 2024ರ ಮೇ ತಿಂಗಳಲ್ಲಿ ದೆಹಲಿ ಪೊಲೀಸರು ಹಿಡಿದ, ವಿಮಾನದಲ್ಲೇ ಕದಿಯುತ್ತಿದ್ದ ಆಸಾಮಿ ಬದುಕಿದ್ದೇ ಈ ಲೆಕ್ಕದ ಮೇಲೆ. ಪೊಲೀಸರು ಹೇಳಿದಂತೆ, ಒಂದೇ ವರ್ಷದಲ್ಲಿ ಸುಮಾರು 200 ಹಾರಾಟ. ಹೆಚ್ಚಾಗಿ ವಯಸ್ಸಾದ ಹೆಂಗಸರ ಕೈಚೀಲವೇ ಗುರಿ. ಹತ್ತುವ ಗಡಿಬಿಡಿಯಲ್ಲಿ ತನ್ನ ಚೀಲ ಇಡುವವನಂತೆ ನಿಂತು ಕೈಚಳಕ. ನಮ್ಮ ಜೇಬುಗಳ್ಳ, ಪಾಪ, ಬಸ್ ಟಿಕೆಟ್ಟನ್ನೂ ತೆಗೆಯುವವನಲ್ಲ. ಈತ ಬಂಡವಾಳ ಹೂಡಿದ್ದ!

‘ವಿಮಾನ ನಿಲ್ದಾಣದಲ್ಲಿ ಅಷ್ಟೊಂದು ತಪಾಸಣೆ ಇದೆಯಲ್ಲ?’ ಎನ್ನಬಹುದು. ಇದೆ. ತಪಾಸಣೆಯ ಯಂತ್ರ ಹುಡುಕುವುದು ಚಾಕು, ಕತ್ತರಿಗಳನ್ನು. ದುರಾಸೆಗೆ ಅದು ಕೂಗಿಕೊಳ್ಳದು. ‘ಹಾಗಂತ ಎಲ್ಲರನ್ನೂ ಕಳ್ಳರೆಂದುಕೊಂಡೇ ಕೂರೋದಾ?’ ಎಂಬ ಪ್ರಶ್ನೆಯೂ ನ್ಯಾಯವೇ. ಆದರೆ ಗುಬ್ಬಿಯ ಅಜ್ಜಿ ಪಕ್ಕದವಳಿಗೆ ಎಲೆಯಡಿಕೆ ಕೊಟ್ಟು, ಅವಳ ಸೊಸೆಯ ಪುರಾಣವನ್ನೆಲ್ಲ ಕಿವಿಗೊಟ್ಟು ಕೇಳುತ್ತಾಳೆ. ಮೊಣಕೈ ಮಾತ್ರ ಚೀಲದ ಮೇಲಿಂದ ಕದಲುವುದಿಲ್ಲ.