ನೇರಳೆ ಅಂಗಿಯ ದಂಡು

ಬಡಾವಣೆಯವರೆಲ್ಲ ಅವರನ್ನು ಕರ್ನಲ್ ಎಂದೇ ಕರೆಯುತ್ತಾರೆ. ದುಡಿದದ್ದು ಬ್ಯಾಂಕಿನಲ್ಲಿ, ಸೈನ್ಯದ ಸಂಬಂಧವೆಂದರೆ ಕಾಲೇಜಿನ ಎನ್‌ಸಿಸಿ, ಅದೂ ಪರೇಡ್ ಮುಗಿದ ಮೇಲೆ ಸಿಗುತ್ತಿದ್ದ ಪೂರಿ ಸಾಗುವಿನ ಆಸೆಗೆ. ಆದರೂ ಮೈಸೂರಿನ ಆ ಮನೆಯ ಮಹಡಿ ಕೋಣೆಯಲ್ಲಿ ಅವರ ಮಾತು ಕೇಳುವ ಇನ್ನೂರು ಸಿಪಾಯಿಗಳಿದ್ದಾರೆ. ಒಬ್ಬೊಬ್ಬನ ಎತ್ತರ 28 ಮಿಲಿಮೀಟರ್.

ಇಂಥವರದು ಒಂದು ಕುಲ. ಇಂಗ್ಲೆಂಡಿನಲ್ಲಿ ಅದಕ್ಕೆ ವಂಶಾವಳಿಯೂ ಉಂಟು. 1893ರಲ್ಲಿ ಲಂಡನ್ನಿನ ಬ್ರಿಟನ್ ಕುಟುಂಬ ಒಳಗೆ ಟೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ದು ಗೊಂಬೆಸೇನೆಯನ್ನು ಅಗ್ಗ ಮಾಡಿತು. 1913ರಲ್ಲಿ ಎಚ್.ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಬರೆದು, ಮೀಸೆ ಬಂದ ಗಂಡಸರು ನೆಲದಲ್ಲಿ ಮಂಡಿಯೂರಿ ಆಟದ ತೋಪು ಹಾರಿಸುವುದಕ್ಕೆ ಮರ್ಯಾದೆ ತಂದುಕೊಟ್ಟ. ಈಗ ನಾಟಿಂಗ್‌ಹ್ಯಾಮ್ ಇವರೆಲ್ಲರ ಕಾಶಿ. ಕುಲದ ಲಕ್ಷಣಗಳು ಎಲ್ಲೆಡೆ ಒಂದೇ: ಕೊಳ್ಳುವ ವೇಗಕ್ಕೆ ಬಣ್ಣ ಹಚ್ಚುವ ವೇಗ ಎಂದೂ ಸಾಟಿಯಾಗದು, ಮಂಚದ ಕೆಳಗೆ ಬಿಚ್ಚದ ಡಬ್ಬಿಗಳು, ಮನೆಯಾಕೆಗೆ ಬೆಲೆ ಹೇಳುವಾಗ ಒಂದು ಸೊನ್ನೆ ಕಡಿಮೆ. ಅವರ ಮೇಜಿನ ಮೇಲೆ ಕಾಫಿ ಲೋಟ ಯಾವುದು, ಕುಂಚ ತೊಳೆದ ಲೋಟ ಯಾವುದು ಎಂದು ವಿಚಾರಿಸಿಕೊಂಡೇ ಕೈಹಾಕಬೇಕು.

ಕರ್ನಲ್ಲರು ಎತ್ತಿಕೊಂಡಿದ್ದು 1799ರ ಮೇ 4ರ ಶ್ರೀರಂಗಪಟ್ಟಣವನ್ನು. ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್‌ನ ಪಡೆ ಕಾವೇರಿ ದಾಟಿ ಟಿಪ್ಪುವಿನ ಕೋಟೆಯ ಒಡಕಿಗೆ ನುಗ್ಗುವ ಮಧ್ಯಾಹ್ನ. ಕೆಂಪಂಗಿಯವರ ಕೆಲಸ ಸಲೀಸಾಗಿ ಸಾಗಿತು. ಆ ಮುತ್ತಿಗೆಗೆ ಬಂದಿದ್ದ ಬ್ರಿಟಿಷ್ ರೆಜಿಮೆಂಟುಗಳ ಕಾಲರು, ತೋಳುಪಟ್ಟಿಗಳ ಬಣ್ಣ ಕೂಡ ದಾಖಲಾಗಿದೆ: 12ನೆಯದಕ್ಕೆ ಹಳದಿ, 33ನೆಯದಕ್ಕೆ ಕೆಂಪು, 74ನೆಯದಕ್ಕೆ ಬಿಳಿ. ತೊಡಕಾದದ್ದು ನಮ್ಮ ಕಡೆಯವರದು. ಟಿಪ್ಪುವಿನ ಕಾಲಾಳುಗಳ ಅಂಗಿ ನೇರಳೆ, ಅದರ ಮೇಲೆ ಬಿಳಿ ಗುರುತುಗಳು, ತಲೆಗೆ ಕೆಂಪು ರುಮಾಲು ಎಂದು ಆ ಕಾಲದ ಇಂಗ್ಲಿಷರು ಬರೆದಿಟ್ಟಿದ್ದಾರೆ. ಸರಿ, ಯಾವ ನೇರಳೆ?

ಒಂದು ಸಂಜೆ ಪಕ್ಕದ ಮನೆಯವನಿಗೆ ಬುಲಾವು ಬಂತು. (ಆ ಪಕ್ಕದ ಮನೆಯವನೇ ಇದನ್ನು ಬರೆಯುತ್ತಿರುವುದು ಎಂದು ಮುಚ್ಚಿಟ್ಟು ಉಪಯೋಗವಿಲ್ಲ.) ಟೇಬಲ್ ಲ್ಯಾಂಪಿನ ಕೆಳಗೆ ಏಳು ಸಿಪಾಯಿಗಳು ಸಾಲಾಗಿ ನಿಂತಿದ್ದರು.

“ಯಾವುದು ಸರಿ ಹೇಳಿ ಸಾರ್.”

ಏಳೂ ಒಂದೇ ಥರ ಕಾಣುತ್ತಿದ್ದವು. “ಮೂರನೇದು” ಎಂದ.

“ಅಯ್ಯೋ, ಅದು ಬದನೆಕಾಯಿ ಆಗೋಯ್ತಲ್ಲ!”

ಮುಂದಿನ ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್, ಟಿಪ್ಪುವಿನ ಅರಮನೆ. ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಕರ್ನಲ್ಲರು ಕೈಯಲ್ಲಿ ಬಣ್ಣದ ಚೀಟಿಗಳನ್ನು ಹಿಡಿದು ಗೋಡೆಯತ್ತ ಬಾಗಿದಾಗೆಲ್ಲ ಕಾವಲಿನವನು ಕೆಮ್ಮುತ್ತಿದ್ದ. ಗಂಟೆಗಟ್ಟಲೆ ನೋಡಿ ಅವರು ಕೊಟ್ಟ ತೀರ್ಪು: “ನಂಬೋ ಹಾಗಿಲ್ಲ. ವೆಲ್ಲೆಸ್ಲಿ ಒಂದ್ಸಲ ತಿದ್ದಿಸ್ದ, ಡಾಲ್‌ಹೌಸಿ ಇನ್ನೊಂದ್ಸಲ.” ಇದನ್ನು ಮನೆಯಲ್ಲೇ ಹೇಳಬಹುದಿತ್ತಲ್ಲ ಎಂದು ಪಕ್ಕದ ಮನೆಯವನು ಹಲ್ಲು ಕಡಿಯುವಷ್ಟರಲ್ಲಿ, ಶಾಲಾ ಪ್ರವಾಸದ ಮಕ್ಕಳು ಇವರೇ ಗೈಡು ಎಂದುಕೊಂಡು ಸುತ್ತ ನೆರೆದವು. ಇಂಗ್ಲಿಷರ ಸೇನಾನಿ ಬೇಯ್ಲಿಯ ಪಡೆ ಸಿಕ್ಕಿಬಿದ್ದದ್ದು, ಮದ್ದಿನ ಬಂಡಿ ಸಿಡಿದದ್ದು, ಪಲ್ಲಕ್ಕಿಯಲ್ಲಿ ಕೂತ ಬೇಯ್ಲಿ ಬೆರಳು ಕಚ್ಚಿಕೊಂಡಿರುವುದು – ಕರ್ನಲ್ಲರು ಎಷ್ಟು ಚಂದವಾಗಿ ಹೇಳಿದರೆಂದರೆ ಮೇಷ್ಟರೇ ಪುಸ್ತಕ ತೆಗೆದು ಬರೆದುಕೊಂಡರು. ಆ ಹೊತ್ತು ಅವರ ಮೇಲೆ ಸಿಟ್ಟು ಮಾಡುವುದು ಕಷ್ಟವಾಗಿತ್ತು. ಬರುವಾಗ ದೇವರಾಜ ಮಾರ್ಕೆಟ್ಟಿನಲ್ಲಿ ಇಳಿದು ಕಾಲು ಕೆಜಿ ನೇರಳೆ ಹಣ್ಣು ತೂಗಿಸಿ, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡತೊಡಗಿದಾಗ ಸಿಟ್ಟು ಮರಳಿ ಬಂತು.

ಕೊನೆಗೂ ಅಂಗಿ ಮುಗಿಯಿತು. ಬೂಟು, ಬಂದೂಕು, ಬುಡದ ಹುಲ್ಲು ಎಲ್ಲ ಮುಗಿಯಿತು. ಸಣ್ಣ ಕುಂಚದಲ್ಲಿ ಉಸಿರು ಬಿಗಿಹಿಡಿದು ಬರೆದ ಕಣ್ಣುಗಳು ಮಾತ್ರ ತುಸು ದೊಡ್ಡವಾಗಿ, ಇಡೀ ತುಕಡಿ ಇಂಗ್ಲಿಷರಿಗಿಂತ ಕರ್ನಲ್ಲರನ್ನೇ ಕಂಡು ಗಾಬರಿಯಾದಂತಿತ್ತು. ಉಳಿದದ್ದು ವಾರ್ನಿಷ್ ಒಂದೇ. ಅದನ್ನು ಹೊಡೆದರೆ ಮುಗಿದ ಲೆಕ್ಕ. ಅಲ್ಲಿಗೆ ಕೆಲಸ ನಿಂತಿತು.

ಮಳೆಗಾಲ, ಗಾಳಿಯಲ್ಲಿ ತೇವವಿದ್ದರೆ ಸ್ಪ್ರೇ ವಾರ್ನಿಷ್ ಬೆಳ್ಳಗೆ ಮಂಜುಗಟ್ಟುತ್ತದೆ ಎಂದರು. ಅದು ನಿಜವೇ. ಆದರೆ ಆಕಾಶ ತೊಳೆದಿಟ್ಟಂತಿದ್ದ ದಿನಗಳಲ್ಲೂ ಡಬ್ಬಿ ಅಲುಗಾಡಲಿಲ್ಲ. ಬೆಳಗ್ಗೆ ಎದ್ದು ಒಬ್ಬ ಸಿಪಾಯಿಯ ಗುಂಡಿ ತಿದ್ದುವುದು, ಮಧ್ಯಾಹ್ನ ಅದನ್ನು ಅಳಿಸುವುದು. ದಿನಕ್ಕೆ ಒಂದು ತಪ್ಪಾದರೂ ಸಿಗಲಿ ಎಂದು ಭೂತಗನ್ನಡಿ ಹಿಡಿದು ಹುಡುಕುವ ಆ ಬೆನ್ನನ್ನು ಕಿಟಕಿಯಿಂದ ನೋಡಿದರೆ ನಗು ಬಾಯಿಗೆ ಬರುವ ಮೊದಲೇ ಎಲ್ಲೋ ಸಿಕ್ಕಿಕೊಳ್ಳುತ್ತಿತ್ತು. ಪಕ್ಕದ ಮನೆಯವನ ಕಪಾಟಿನಲ್ಲೂ ಕೊನೆಯ ಅಧ್ಯಾಯ ಕಾಣದ ಕಾದಂಬರಿಯೊಂದಿದೆ; ಹೆಚ್ಚು ಮಾತಾಡುವ ಯೋಗ್ಯತೆ ಅವನಿಗಿಲ್ಲ.

ಮುಗಿಸಿದ್ದು ಅವರ ಮನೆಯವರು. “ನವರಾತ್ರಿಗೆ ಗೊಂಬೆ ಕೂರಿಸೋಕೆ ಕೆಳಗಿನ ಮೆಟ್ಟಿಲು ಖಾಲಿ ಇದೆ, ನೀವು ಹೊಡೀತೀರೋ ನಾನು ಹೊಡೀಲೋ” ಎಂದು ಡಬ್ಬಿ ಕೈಗೆತ್ತಿಕೊಂಡರು. ಅರ್ಧ ಗಂಟೆಯ ಕೆಲಸ. ಪಟ್ಟದ ಗೊಂಬೆಗಳ ಕೆಳಗೆ, ಅಂಬಾರಿ ಮೆರವಣಿಗೆಯ ಪಕ್ಕದಲ್ಲೇ ಶ್ರೀರಂಗಪಟ್ಟಣ ಬಿತ್ತು. ಅರಿಶಿನ ಕುಂಕುಮಕ್ಕೆ ಬಂದವರು ಬಗ್ಗಿ ನೋಡಿ, “ಎಷ್ಟು ಮುದ್ದಾಗಿವೆ ರೀ, ಚನ್ನಪಟ್ಟಣದವಾ?” ಎಂದರು. ಕರ್ನಲ್ಲರು ತುಟಿ ಪಿಟಕ್ಕೆನ್ನಲಿಲ್ಲ.

ಹಬ್ಬ ಮುಗಿದ ಮೇಲೆ ಮಹಡಿಯ ಮೇಜು ಖಾಲಿ. ಪತ್ರಿಕೆಯನ್ನು ಎರಡೆರಡು ಸಲ ಓದಿ ಅವರು ಪಕ್ಕದ ಮನೆಯ ಕಾಂಪೌಂಡಿನ ಬಿರುಕು, ಮೋರಿಯ ಇಳಿಜಾರು, ತೆಂಗಿನ ಗರಿ ಎಲ್ಲದರ ಬಗ್ಗೆಯೂ ಸಲಹೆ ಕೊಡಲು ಶುರುಮಾಡಿದರು. ಕೆಲವು ದಿನ ತಡೆದುಕೊಂಡ ಪಕ್ಕದ ಮನೆಯವನು ಒಂದು ಬೆಳಗ್ಗೆ ಗೇಟಿನ ಬಳಿ ಕೇಳಿಯೇಬಿಟ್ಟ:

“ಅವತ್ತು ಇಂಗ್ಲಿಷರ ಜೊತೆ ನಿಜಾಮನ ದಂಡೂ ಬಂದಿತ್ತಲ್ವಾ ಸಾರ್? ಅವರೆಲ್ಲಿ?”

“ಅವರದು ಭಾರೀ ತಲೆನೋವು ಸಾರ್, ಬಟ್ಟೆ ಬಣ್ಣಕ್ಕೆ ಸರಿಯಾದ ದಾಖಲೆಯೇ ಸಿಗಲ್ಲ” ಎಂದ ಕರ್ನಲ್ಲರ ಮುಖ ಊರಗಲವಾಯಿತು. “ಇರಿ, ಕನ್ನಡಕ ತಂದೆ.”